ಶಾಸಕರ ಭತ್ಯೆಗೆ ಬಿಲ್ ಎಲ್ಲುಂಟು?

ನಮಸ್ಕಾರ. 2025ರ ಮಾರ್ಚ್ 21ರಂದು ವಿಧಾನಸಭೆಯಲ್ಲಿ ಎಂಥ ಬೊಬ್ಬೆ ಅಂತ ನೆನಪುಂಟಲ್ಲ? ಸ್ಪೀಕರ್ ಪೀಠದ ಕಡೆಗೆ ಕಾಗದ ಹರಿದು ಎಸೆದರು, ಬಿಜೆಪಿಯ 18 ಶಾಸಕರು ಅಮಾನತಾದರು. ಪೀಠದಲ್ಲಿ ಕೂತವರು ನಮ್ಮ ಉಳ್ಳಾಲದ ಕಡೆಯ ಯು.ಟಿ. ಖಾದರ್. ಹೊರಗೆ ಹೋದವರಲ್ಲಿ ಉಡುಪಿಯ ಯಶ್‌ಪಾಲ್ ಸುವರ್ಣ, ಮೂಡುಬಿದಿರೆಯ ಉಮಾನಾಥ ಕೋಟ್ಯಾನ್, ಮಂಗಳೂರು ಉತ್ತರದ ಭರತ್ ಶೆಟ್ಟಿ. ಆ ಗಲಾಟೆಯ ನಡುವೆಯೇ, ಒಂದು ಮಾತಿನ ಚರ್ಚೆಯೂ ಇಲ್ಲದೆ, ಸಂಬಳದ ಮಸೂದೆ ಪಾಸಾಯಿತು. ಶಾಸಕರ ಸಂಬಳ 40,000ದಿಂದ 80,000ಕ್ಕೆ, ಮುಖ್ಯಮಂತ್ರಿಯದ್ದು 75,000ದಿಂದ ಒಂದೂವರೆ ಲಕ್ಷಕ್ಕೆ, ಮಾಜಿಗಳ ಪಿಂಚಣಿ 50,000ದಿಂದ 75,000ಕ್ಕೆ.

ಒಂದೇ ಪಕ್ಷದ ಚಾಳಿ ಅಂದುಕೊಳ್ಳಬೇಡಿ. 2022ರ ಫೆಬ್ರವರಿಯಲ್ಲಿ ಬಿಜೆಪಿ ಸರಕಾರ ಇತ್ತು, ಧರಣಿಗೆ ಕೂತವರು ಕಾಂಗ್ರೆಸ್ಸಿನವರು. ಆಗಲೂ ಹೀಗೇ, ಗದ್ದಲದ ನಡುವೆ 25,000 ಇದ್ದ ಸಂಬಳ 40,000 ಆಯಿತು. ಸಂವಿಧಾನದ 195ನೇ ವಿಧಿ ಶಾಸಕರ ಸಂಬಳವನ್ನು ಶಾಸನಸಭೆಯೇ ಕಾನೂನು ಮಾಡಿ ನಿಗದಿಪಡಿಸಲಿ ಅನ್ನುತ್ತದೆ. ಬಡಿಸುವವರೂ ಅವರೇ, ಉಣ್ಣುವವರೂ ಅವರೇ.

ಆದರೆ 80,000 ಜಾಸ್ತಿಯಾಯಿತು ಅಂತ ಸಿಟ್ಟು ಮಾಡುವವರ ಜೊತೆ ನಾನಿಲ್ಲ. ನೋಡಬೇಕಾದ್ದು ಬೇರೆ ಕಡೆ. 2022ರ ಪಟ್ಟಿಯನ್ನೇ ತೆಗೆದುಕೊಳ್ಳಿ. ಸಂಬಳ 40,000. ಅದರ ಮೇಲೆ ಕ್ಷೇತ್ರ ಭತ್ಯೆ 60,000, ಕ್ಷೇತ್ರ ಪ್ರವಾಸಕ್ಕೆ 60,000, ಫೋನಿಗೆ 20,000, ಆಪ್ತ ಸಹಾಯಕರು ಮತ್ತು ರೂಮ್ ಬಾಯ್‌ಗೆ 20,000, ಅಂಚೆಗೆ 5,000. ಒಟ್ಟು 2,05,000. ಸಂಬಳ ಅಂತ ಕರೆಸಿಕೊಳ್ಳುವುದು ಇದರಲ್ಲಿ ಐದನೇ ಒಂದು ಪಾಲು ಮಾತ್ರ.

ಭತ್ಯೆಯೇ ಯಾಕೆ ಹೀಗೆ ಉಬ್ಬುತ್ತದೆ? ಎರಡು ಕಾರಣ. ಸಂಬಳ ಏರಿಸಿದರೆ ಪೇಪರಿನ ಮುಖಪುಟಕ್ಕೆ ಬರುತ್ತದೆ, ಭತ್ಯೆ ಒಳಪುಟದಲ್ಲಿ ಉಳಿಯುತ್ತದೆ. ಇನ್ನೊಂದು ತೆರಿಗೆ. ಮಸೂದೆ ಪಾಸಾಗುವಾಗ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 10(17)ನೇ ಕಲಮಿನ ಪ್ರಕಾರ, ಹಳೆ ತೆರಿಗೆ ಪದ್ಧತಿ ಆರಿಸಿಕೊಂಡ ಶಾಸಕರ ದಿನಭತ್ಯೆಗೂ ಕ್ಷೇತ್ರ ಭತ್ಯೆಗೂ ತೆರಿಗೆ ಇರಲಿಲ್ಲ, ಸಂಬಳಕ್ಕೆ ಇತ್ತು. ಹಾಗಾಗಿ 2025ರಲ್ಲಿ ಮೂಲ ಸಂಬಳವನ್ನೇ ಏರಿಸಿದ್ದು, ನನ್ನ ಲೆಕ್ಕದಲ್ಲಿ, ಆ ಮಸೂದೆಯ ಒಳ್ಳೆಯ ಭಾಗ. ಕಣ್ಣಿಗೆ ಕಾಣುವ ಹಣ ಅದು.

ಈಗ 2022ರ ಪಟ್ಟಿಯ ಪ್ರವಾಸದ 60,000 ನೋಡುವ. ಕಿಲೋಮೀಟರಿಗೆ 15 ರೂಪಾಯಿ ಹಿಡಿದರೆ ತಿಂಗಳಿಗೆ 4,000 ಕಿಲೋಮೀಟರ್. ದಿನಕ್ಕೆ 133. ಕೊಲ್ಲೂರಿನ ಕಾಡು, ಶಿರೂರಿನ ಕಡಲು ಎರಡನ್ನೂ ಸುತ್ತಬೇಕಾದ ಬೈಂದೂರು ಶಾಸಕರಿಗೆ ಅಷ್ಟು ಬೇಕಾದೀತು. ಸುಬ್ರಹ್ಮಣ್ಯದಿಂದ ಸಂಪಾಜೆವರೆಗಿನ ಸುಳ್ಯಕ್ಕೂ ಬೇಕಾದೀತು. ಮಂಗಳೂರು ದಕ್ಷಿಣದಲ್ಲಿ ದಿನಾ 133 ಕಿಲೋಮೀಟರ್ ಓಡಬೇಕಾದರೆ ಹಂಪನಕಟ್ಟೆಗೆ ಎಷ್ಟು ಸುತ್ತು ಹೊಡೆಯಬೇಕು ಮಾರಾಯ್ರೇ? ಬಿಲ್ ಕೇಳದೆ ಕೊಡುವ ಇಡಿಗಂಟು ಮಾತ್ರ ಎಲ್ಲರಿಗೂ ಒಂದೇ. ಫೋನಿನ 20,000ದ ಬಗ್ಗೆ ಹೇಳುವುದೇ ಬೇಡ, ನಿಮ್ಮ ರೀಚಾರ್ಜ್ ಎಷ್ಟು ಅಂತ ನೀವೇ ನೋಡಿಕೊಳ್ಳಿ.

ಶಾಸಕರ ಕಡೆಯ ಮಾತೂ ಉಂಟು, ಅದನ್ನು ಅಡಗಿಸಬಾರದು. ನಮ್ಮ ಕರಾವಳಿಯ ಜಿಲ್ಲೆಗಳಲ್ಲಿ ಬ್ರಹ್ಮಕಲಶ, ನೇಮ, ಕಂಬಳ, ಯಕ್ಷಗಾನ, ಶಾಲಾ ವಾರ್ಷಿಕೋತ್ಸವ ಅಂತ ರಶೀದಿ ಪುಸ್ತಕ ಹಿಡಿದು ಅವರ ಮನೆಗೆ ಹೋಗುವವರು ನಾವೇ. ಆಸ್ಪತ್ರೆ ಬಿಲ್ ತೋರಿಸುವವರೂ ನಾವೇ. ಬಿಲ್ಲಿಲ್ಲದ ಭತ್ಯೆ ಈ ಹೊಂಡಕ್ಕೂ ಹೋಗುತ್ತದೆ. ಒಮ್ಮೆ ಲೆಕ್ಕ ಕೇಳಲು ಸುರು ಮಾಡಿದರೆ ನಮ್ಮ ಸಮಿತಿಯ ವಂತಿಗೆಯೂ ನಿಲ್ಲುತ್ತದೆ. ಅದಕ್ಕೆ ನಾವು ತಯಾರಾ? (ಎರಡು ಕೋಟಿಯ ಶಾಸಕರ ಪ್ರದೇಶಾಭಿವೃದ್ಧಿ ನಿಧಿಯನ್ನು ಇದಕ್ಕೆ ಬೆರೆಸಬೇಡಿ. ಅದು ಕಾಮಗಾರಿಗೆ, ಕಿಸೆಗೆ ಬರುವುದಲ್ಲ.)

ಸರಿಪಡಿಸುವುದು ಹೇಗೆ? ಫೋನು, ಅಂಚೆ ಭತ್ಯೆ ತೆಗೆದು ಅದರ ಒಂದು ಪಾಲನ್ನು ಸಂಬಳಕ್ಕೆ ಸೇರಿಸಿ, ತೆರಿಗೆ ಕಟ್ಟಲಿ. ಪಿಎ ಸಂಬಳ ನೇರ ಪಿಎ ಖಾತೆಗೆ ಹೋಗಲಿ. ಇದೇನು ಹೊಸತಲ್ಲ, ಸಂಸದರ ಸಹಾಯಕರ ಹಣವನ್ನು ಸಂಸತ್ತಿನ ಸಚಿವಾಲಯವೇ ಅವರಿಗೆ ಕೊಡುವ ಕ್ರಮ ಉಂಟು. ಪ್ರವಾಸಕ್ಕೆ ಲಾಗ್ ಪುಸ್ತಕ: ತಾರೀಕು, ಗಾಡಿ ನಂಬರ್, ಎಲ್ಲಿಂದ ಎಲ್ಲಿಗೆ, ಮೀಟರ್ ರೀಡಿಂಗ್. ಮಿತಿ ಕ್ಷೇತ್ರದ ವಿಸ್ತೀರ್ಣ ನೋಡಿ ನಿಗದಿಯಾಗಲಿ. ಮೂರು ತಿಂಗಳಿಗೊಮ್ಮೆ ವೆಬ್‌ಸೈಟಿಗೆ ಹಾಕಲಿ. ಕೆಡುವುದು ಎಲ್ಲಿ ಅಂದರೆ, ಮಿತಿ ಅಂತ ಇಟ್ಟದ್ದೇ ಎಲ್ಲರ ಕ್ಲೇಮ್ ಆಗಿಬಿಡುತ್ತದೆ. ಊರಿನ ಹೆಸರು ಸಮೇತ ಪ್ರಕಟವಾದರೆ ಮಾತ್ರ ಅದಕ್ಕೆ ಕಡಿವಾಣ. ಬಾರದ ಶಾಸಕರು ಬಂದಿದ್ದಾರೆ ಅಂತ ಬರೆದರೆ ಆ ಊರಿನವರಿಗೆ ಗೊತ್ತಾಗದೆ ಇರುತ್ತದಾ?

ಪಿಂಚಣಿಗೆ ಪಂಜಾಬ್ ನೋಡಿ. 2022ರಿಂದ ಅಲ್ಲಿ ಎಷ್ಟು ಸಲ ಗೆದ್ದರೂ ಒಂದೇ ಪಿಂಚಣಿ.

ಇನ್ನು ಏರಿಕೆಯ ಪ್ರಮಾಣ. ಸಂಸದರ ಸಂಬಳ 2018ರಿಂದ ವೆಚ್ಚ ಹಣದುಬ್ಬರ ಸೂಚ್ಯಂಕಕ್ಕೆ (ಬೆಲೆ ಏರಿಕೆ ಲೆಕ್ಕ ಹಾಕಲು ಕೇಂದ್ರ ಸರಕಾರ ವರ್ಷವರ್ಷ ಹೊರಡಿಸುವ ಅಂಕಿ) ಕಟ್ಟಿಕೊಂಡಿದೆ, ಐದು ವರ್ಷಕ್ಕೊಮ್ಮೆ ಪರಿಷ್ಕರಣೆ. ಸೂಚ್ಯಂಕ 280ರಿಂದ 348ಕ್ಕೆ ಹೋಯಿತು, ಸಂಬಳ ಒಂದು ಲಕ್ಷದಿಂದ 1.24 ಲಕ್ಷಕ್ಕೆ. ಅದೇ ಅಳತೆಗೋಲಲ್ಲಿ ನಮ್ಮ 40,000 ಎಷ್ಟಾಗಬೇಕಿತ್ತು? 2021-22ರ 317, 2024-25ರ 363 ಹಿಡಿದರೆ ಸುಮಾರು 45,800.

ಸಂಬಳ ನಿಗದಿ ಮಾಡುವ ಕೆಲಸವನ್ನು ಸ್ವತಂತ್ರ ಸಂಸ್ಥೆಗೆ ಕೊಟ್ಟರೆ ಅದು ಕಡಿಮೆಯಾಗುತ್ತದೆ ಎಂಬ ಭ್ರಮೆಯೂ ಬೇಡ. ಬ್ರಿಟನ್ ತನ್ನ ಸಂಸದರ ಖರ್ಚಿನ ಕ್ಲೇಮ್ ಹಗರಣದ ನಂತರ 2009ರಲ್ಲಿ ಅಂಥ ಸಂಸ್ಥೆ ಮಾಡಿತು. ಪಕ್ಷಗಳ ನಾಯಕರು ಬೇಡ ಅಂದರೂ 2015ರಲ್ಲಿ ಅದು ಸಂಸದರ ಸಂಬಳವನ್ನು 67,060 ಪೌಂಡಿನಿಂದ 74,000ಕ್ಕೆ ಏರಿಸಿತು. ನನಗೆ ಅದಕ್ಕಿಂತ ಹಿಡಿಸುವುದು ಅಮೆರಿಕದ 27ನೇ ತಿದ್ದುಪಡಿ. 1789ರಲ್ಲಿ ಮಂಡನೆಯಾಗಿ 1992ರಲ್ಲಿ ಊರ್ಜಿತವಾದದ್ದು. ಸದಸ್ಯರ ಸಂಬಳ ಬದಲಿಸಿದರೆ ಜಾರಿಗೆ ಬರುವುದು ಮುಂದಿನ ಚುನಾವಣೆಯ ಮೇಲೆಯೇ. ಇಲ್ಲಿ ಆ ನಿಯಮ ಇದ್ದಿದ್ದರೆ, 2025ರಲ್ಲಿ ಪಾಸಾದ 80,000 ಕೈಗೆ ಬರುವುದು 2028ರಲ್ಲಿ ಗೆದ್ದು ಬಂದವರಿಗೆ. ಆಗ ಬೊಬ್ಬೆಯ ನಡುವೆ ಅಷ್ಟು ಅವಸರದಲ್ಲಿ ಕೈ ಎತ್ತುತ್ತಿದ್ದರಾ ಇಲ್ಲವಾ, ನೀವೇ ಹೇಳಿ.