ಬ್ರೆಡ್ ತಿನ್ನುವ ಮುಂಚೆ ಒಂದು ಪ್ರಾರ್ಥನೆ: ಕಷ್ಟಕಾಲದಲ್ಲಿ ಯಹೂದಿಗಳು ದೇವರನ್ನು ನಂಬುವ ಬಗೆ

[ಕಪ್ಪು ಪರದೆ. ಧ್ವನಿ ಮಾತ್ರ.]

1944ರ ಏಪ್ರಿಲ್. ಉತ್ತರ ಜರ್ಮನಿಯ ಬೆರ್ಗೆನ್-ಬೆಲ್ಸನ್, ಹಿಟ್ಲರನ ನಾಜಿಗಳ ಸೆರೆ ಶಿಬಿರ. ಒಳಗೆ ಹಾಲೆಂಡಿನಿಂದ ಹಿಡಿದು ತಂದ ಯಹೂದಿಗಳಿದ್ದಾರೆ. ಹೊರಗಿನ ಲೋಕದಲ್ಲಿ ಪೆಸಖ್ ಹಬ್ಬ ಬಂದಿದೆ. ಕನ್ನಡ ಬೈಬಲ್‌ನಲ್ಲಿ ಪಸ್ಕ ಅಂತಾರಲ್ಲ, ಅದೇ. ಈ ಹಬ್ಬದಲ್ಲಿ ಹುಳಿ ಬಂದ ಹಿಟ್ಟಿನ ಯಾವ ತಿಂಡಿಯನ್ನೂ ಮುಟ್ಟುವ ಹಾಗಿಲ್ಲ. ಮನೆಯ ಮೂಲೆ ಮೂಲೆಯನ್ನೂ ಗುಡಿಸಿ, ಬ್ರೆಡ್ಡಿನ ಒಂದು ಚೂರೂ ಉಳಿಯದ ಹಾಗೆ ನೋಡಿಕೊಳ್ಳುತ್ತಾರೆ. ಹುಳಿ ಇಲ್ಲದ ಒಣ ರೊಟ್ಟಿ, ಮಟ್ಜಾ, ಅದನ್ನೇ ತಿನ್ನಬೇಕು.

ಶಿಬಿರದಲ್ಲಿ ಮಟ್ಜಾ ಎಲ್ಲಿಂದ ಬರಬೇಕು? ಸಿಗುವುದು ಒಂದು ತುಂಡು ಬ್ರೆಡ್, ನೀರಿನಂಥ ಸೂಪು. ಆ ಬ್ರೆಡ್ ಬಿಟ್ಟರೆ ಸಾವು.

ಅಲ್ಲಿದ್ದ ರಬ್ಬಿಗಳು, ಅಂದರೆ ಧರ್ಮಗುರುಗಳು, ಒಂದು ಪುಟ್ಟ ಪ್ರಾರ್ಥನೆ ಬರೆದರು. ಬ್ರೆಡ್ ತಿನ್ನುವ ಮುಂಚೆ ಹೇಳಲಿಕ್ಕೆ. ಅದರ ಸಾರ ಇಷ್ಟು. ತಂದೆಯೇ, ಮಟ್ಜಾ ತಿಂದು ಹಬ್ಬ ಮಾಡಬೇಕು ಅನ್ನೋದೇ ನಮ್ಮ ಆಸೆ ಅಂತ ನಿನಗೆ ಗೊತ್ತು. ಈ ಸೆರೆ ನಮ್ಮನ್ನು ತಡೆದಿದೆ, ನಮಗೆ ಸಂಕಟ ಆಗುತ್ತಿದೆ. ಆದರೆ ನನ್ನ ಆಜ್ಞೆಗಳಿಂದ ಬದುಕಿ, ಸಾಯಬೇಡಿ ಅನ್ನುವುದೂ ನಿನ್ನದೇ ಆಜ್ಞೆ. ಈಗ ಅದನ್ನು ಪಾಲಿಸಲು ತಯಾರಾಗಿದ್ದೇವೆ. ನಮ್ಮನ್ನು ಉಳಿಸು, ಮುಂದೆ ನಿನ್ನ ನಿಯಮಗಳನ್ನೆಲ್ಲ ಪಾಲಿಸುವ ಹಾಗೆ ಮಾಡು.

ಇದರಲ್ಲಿ ಕ್ಷಮೆ ಕೇಳುವ ಮಾತು ಎಲ್ಲೂ ಇಲ್ಲ. ತಪ್ಪಾಯ್ತು ದೇವರೇ, ಬೇರೆ ದಾರಿ ಇರಲಿಲ್ಲ ಅಂತ ಅವರು ಹೇಳಲೇ ಇಲ್ಲ. ವ್ರತ ಮುರಿಯುವುದನ್ನೇ ಇನ್ನೊಂದು ವ್ರತ ಮಾಡಿಕೊಂಡು, ಅದಕ್ಕೊಂದು ಮಂತ್ರ ಹೇಳಿ, ಆಮೇಲೆ ಬಾಯಿಗೆ ಹಾಕಿಕೊಂಡರು. ಈ ವಿಡಿಯೋ ಮಾಡಬೇಕು ಅಂತ ನನಗೆ ಅನ್ನಿಸಿದ್ದೇ ಇದನ್ನು ಓದಿದ ಮೇಲೆ.

[ಶೀರ್ಷಿಕೆ ಬರುತ್ತದೆ. ಮುಖ ಕ್ಯಾಮೆರಾ ಕಡೆಗೆ.]

ನಮಸ್ಕಾರ. ಸಂಕಟ ಬಂದಾಗ ವೆಂಕಟರಮಣ ಅನ್ನೋ ಗಾದೆ ಗೊತ್ತಲ್ವಾ. ಸುಖವಾಗಿದ್ದಾಗ ಮರೆತು, ಕಷ್ಟ ಬಂದಾಗ ಓಡಿ ಹೋಗುವವರನ್ನು ಚುಚ್ಚುವ ಮಾತು ಅದು. ಯಹೂದಿ ಧರ್ಮದಲ್ಲಿ ನನಗೆ ಕಂಡದ್ದು ಹೆಚ್ಚುಕಡಿಮೆ ಇದರ ತಿರುಗುಮುರುಗು. ಸಂಕಟ ಬಂದಾಗ ಅವರು ಹೊಸದಾಗಿ ಏನನ್ನೂ ಶುರು ಮಾಡುವುದಿಲ್ಲ. ನಿನ್ನೆ ಮಾಡುತ್ತಿದ್ದದ್ದನ್ನೇ ಇವತ್ತೂ ಮಾಡುತ್ತಾರೆ. ಮಾಡಲಿಕ್ಕೆ ಆಗದಿದ್ದರೆ, ಆಗುತ್ತಿಲ್ಲ ಅನ್ನುವುದನ್ನೂ ಕ್ರಮವಾಗಿ, ನಿಯಮದ ಪ್ರಕಾರವೇ ಹೇಳುತ್ತಾರೆ.

ದೇವರ ಮೇಲೆ ಭಾರ ಹಾಕುವುದಕ್ಕೆ ಹೀಬ್ರೂನಲ್ಲಿ ಬಿಟಾಖೋನ್ ಅನ್ನುತ್ತಾರೆ. ನಮ್ಮ ಪ್ರಯತ್ನ ನಾವು ಮಾಡುವುದು ಹಿಶ್ತದ್ಲುತ್. ಇವೆರಡರ ನಡುವೆ ಗೆರೆ ಎಲ್ಲಿ ಎಳೆಯಬೇಕು ಅಂತ ನೂರಾರು ವರ್ಷಗಳಿಂದ ಜಗಳ ಆಡುತ್ತಲೇ ಇದ್ದಾರೆ. ಜಗಳ ಆಡೋದೂ ಅವರಲ್ಲಿ ಒಂದು ಪೂಜೆ ಇದ್ದ ಹಾಗೆ ಬಿಡಿ.

ಯಹೂದಿಗಳ ಪ್ರವಾದಿ ಮೋಶೆಯ ಕಾಲದ ಮನ್ನದ ಕಥೆಯನ್ನೇ ನೋಡಿ. ಈಜಿಪ್ಟಿನ ಗುಲಾಮಗಿರಿಯಿಂದ ಹೊರಬಂದ ಜನ ಮರುಭೂಮಿಯಲ್ಲಿದ್ದಾರೆ. ಹುಟ್ಟಿಸಿದ ದೇವರು ಹುಲ್ಲು ಮೇಯಿಸ್ತಾನಾ ಅಂತ ನಾವು ಹೇಳುವ ಹಾಗೆ, ಅವರಿಗೆ ದಿನಾ ಬೆಳಿಗ್ಗೆ ಆಕಾಶದಿಂದ ಮನ್ನ ಅನ್ನೋ ಆಹಾರ ಬೀಳುತ್ತದೆ. ಆದರೆ ಅವತ್ತಿಗೆ ಎಷ್ಟು ಬೇಕೋ ಅಷ್ಟೇ. ನಾಳೆಗಿರಲಿ ಅಂತ ಎತ್ತಿಟ್ಟರೆ ಹುಳ ಬಿದ್ದು ನಾರುತ್ತದೆ. ಶುಕ್ರವಾರ ಮಾತ್ರ ಎರಡು ದಿನದ್ದು ಸಿಗುತ್ತದೆ, ಯಾಕೆಂದರೆ ಶನಿವಾರ ಶಬ್ಬತ್, ವಿಶ್ರಾಂತಿಯ ದಿನ, ಅವತ್ತು ಆಯುವ ಹಾಗಿಲ್ಲ. ಬೀಳಿಸೋದು ದೇವರು, ಆದರೆ ಬೆಳಿಗ್ಗೆ ಎದ್ದು ಹೊರಗೆ ಹೋಗಿ ಆಯಬೇಕಾದವರು ನೀವೇ! ಇವತ್ತಿಗೂ ಶಬ್ಬತ್ ಊಟದಲ್ಲಿ ಎರಡು ಬ್ರೆಡ್ ಇಡುವುದು ಆ ಎರಡು ಪಾಲಿನ ನೆನಪಿಗೆ.

ಹಾಗಾದರೆ ನಂಬಿದವರಿಗೆ ಎಲ್ಲಾ ಒಳ್ಳೇದೇ ಆಗುತ್ತದಾ? ಇಲ್ಲಿ ಎರಡು ಪಂಗಡ. ಒಳ್ಳೇದು ಯೋಚಿಸು, ಒಳ್ಳೇದೇ ಆಗುತ್ತದೆ ಅನ್ನೋ ಮಾತು ಲುಬಾವಿಚ್ ಅನ್ನೋ ಸಂಪ್ರದಾಯಸ್ಥ ಯಹೂದಿ ಪಂಥದವರಲ್ಲಿ ತುಂಬಾ ಚಾಲ್ತಿಯಲ್ಲಿದೆ. ಇದಕ್ಕೆ ಒಪ್ಪದವರಲ್ಲಿ ದೊಡ್ಡ ಹೆಸರು ಖಜೋನ್ ಇಶ್, ಅಂದರೆ ರಬ್ಬಿ ಅವ್ರಹಾಮ್ ಯೆಶಾಯಾ ಕರೆಲಿಟ್ಜ್. 1953ರಲ್ಲಿ ತೀರಿಕೊಂಡರು. ಅವರು ಹೇಳಿದ್ದು, ಮುಂದೆ ಒಳ್ಳೇದೇ ಆಗುತ್ತದೆ ಅಂತ ಗಟ್ಟಿಯಾಗಿ ಅಂದುಕೊಳ್ಳುವುದು ಬಿಟಾಖೋನ್ ಅಲ್ಲ. ಮುಂದೆ ಏನಾಗುತ್ತೋ ಯಾರಿಗೂ ಗೊತ್ತಿಲ್ಲ. ಆದರೆ ಯಾವುದೂ ಸುಮ್ನೆ, ಆಕಸ್ಮಿಕವಾಗಿ ಆಗುವುದಿಲ್ಲ, ಎಲ್ಲವೂ ಅವನ ಕೈಯಲ್ಲೇ ಇದೆ ಅನ್ನೋ ನಂಬಿಕೆ, ಅಷ್ಟೇ. ನನಗೆ ಈ ಎರಡನೇದೇ ಜಾಸ್ತಿ ಪ್ರಾಮಾಣಿಕ ಅನ್ನಿಸುತ್ತದೆ. ಬೆರ್ಗೆನ್-ಬೆಲ್ಸನ್‌ನಲ್ಲಿ ಆ ಪ್ರಾರ್ಥನೆ ಹೇಳಿದವರಲ್ಲಿ ಎಷ್ಟೋ ಜನ ಬದುಕಿ ಬರಲಿಲ್ಲವಲ್ಲ.

[ಸ್ಕ್ರೀನ್ ಮೇಲೆ: ಬೆಟ್ಟ, ಗುಹೆಯ ರೇಖಾಚಿತ್ರ]

ಇನ್ನು ನಿಯಮ ಮುರಿಯುವ ವಿಷಯ. ಇದಕ್ಕೆ ಹಳೆಯ ಕಥೆ ಇದೆ, ರಕ್ತ ಸುರಿದ ಕಥೆ. ಕ್ರಿ.ಪೂ. 167ರ ಸುಮಾರಿಗೆ ಗ್ರೀಕ್ ಅರಸ ನಾಲ್ಕನೇ ಆಂಟಿಯೋಕಸ್ ಯಹೂದಿ ಆಚರಣೆಗಳನ್ನೆಲ್ಲ ನಿಷೇಧಿಸಿದ. ಒಂದಷ್ಟು ಜನ ಮನೆ ಬಿಟ್ಟು ಗುಹೆಗಳಲ್ಲಿ ಅಡಗಿದರು. ಸೈನಿಕರು ದಾಳಿ ಮಾಡಿದ್ದು ಶಬ್ಬತ್ ದಿನ. ಅವತ್ತು ಕೆಲಸ ಮಾಡಬಾರದು, ಹಾಗಾಗಿ ಅವರು ಒಂದು ಕಲ್ಲನ್ನೂ ಎಸೆಯಲಿಲ್ಲ. ಸುಮಾರು 1000 ಜನ ಸತ್ತರು. ಸುದ್ದಿ ಕೇಳಿದ ಮತ್ತಥೀಯ ಅನ್ನೋ ಹಿರಿಯ ಮತ್ತು ಅವನ ಕಡೆಯವರು ಕೂತು ಮಾತಾಡಿದರು. ಎಲ್ಲರೂ ಹೀಗೇ ಮಾಡಿದರೆ ಶಬ್ಬತ್ ಆಚರಿಸಲು ಭೂಮಿ ಮೇಲೆ ಯಾರೂ ಉಳಿಯುವುದಿಲ್ಲ. ಇನ್ನು ಮುಂದೆ ಶಬ್ಬತ್ ದಿನ ಮೇಲೆ ಬಿದ್ದರೂ ನಾವು ಎದುರು ನಿಲ್ಲೋಣ ಅಂತ ತೀರ್ಮಾನಿಸಿದರು.

ಆಮೇಲೆ ಇದು ಪಿಕುವಾಖ್ ನೆಫೆಶ್ ಅನ್ನೋ ದೊಡ್ಡ ನಿಯಮವಾಗಿ ಬೆಳೆಯಿತು, ಅಂದರೆ ಜೀವ ಉಳಿಸುವುದು. ಶಬ್ಬತ್ ದಿನ ಯಾರಿಗಾದರೂ ಎದೆನೋವು ಬಂದರೆ ಕಾರು ಓಡಿಸಬಹುದಾ ಅಂತ ಕೇಳಿದರೆ, ಉತ್ತರ ಓಡಿಸಬಹುದು ಅಂತಲ್ಲ, ಓಡಿಸಲೇಬೇಕು ಅಂತ. ಒಬ್ಬನಿಗಾಗಿ ಒಂದು ಶಬ್ಬತ್ ಮುರಿ, ಅವನು ಬದುಕಿ ಮುಂದೆ ಎಷ್ಟೋ ಶಬ್ಬತ್ ಆಚರಿಸಲಿ ಅನ್ನುತ್ತದೆ ತಾಲ್ಮುದ್, ಅಂದರೆ ಹಳೆಯ ರಬ್ಬಿಗಳ ಚರ್ಚೆಗಳ ಗ್ರಂಥ. ಅವರ ಧರ್ಮಶಾಸ್ತ್ರ ಇನ್ನೂ ಖಾರವಾಗಿ ಹೇಳುತ್ತದೆ, ಅಂಥ ಹೊತ್ತಲ್ಲಿ ಮಾಡಬಹುದಾ ಅಂತ ಕೇಳುತ್ತಾ ನಿಂತವನು ರಕ್ತ ಸುರಿಸಿದವನಿಗೆ ಸಮ!

ಆದರೆ ಎಲ್ಲವೂ ಹೀಗೆ ಬಗ್ಗುವುದಿಲ್ಲ. ಮೂರು ವಿಷಯಗಳಲ್ಲಿ ಪ್ರಾಣ ಹೋದರೂ ಜಗ್ಗಬಾರದು: ಅನ್ಯದೇವರ ಆರಾಧನೆ, ಕೊಲೆ, ನಿಷೇಧಿಸಿದ ಲೈಂಗಿಕ ಸಂಬಂಧ. ಇದು ಪುಸ್ತಕದ ಮಾತಷ್ಟೇ ಅಲ್ಲ ಅನ್ನೋದಕ್ಕೆ ಲಿಥುವೇನಿಯಾದ ಕೋವ್ನೋ ಊರಿಗೆ ಹೋಗೋಣ.

[ಸ್ಕ್ರೀನ್ ಮೇಲೆ: ಕೋವ್ನೋ, 1941–1944]

ನಾಜಿಗಳು ಅಲ್ಲಿನ ಯಹೂದಿಗಳನ್ನು ಒಂದು ಬೇಲಿಯೊಳಗೆ ತುಂಬಿದ್ದರು. ಅಲ್ಲಿ ಎಫ್ರಾಯಿಮ್ ಓಶ್ರಿ ಅನ್ನೋ ಯುವ ರಬ್ಬಿ ಇದ್ದರು. ಜನ ಅವರ ಹತ್ತಿರ ಪ್ರಶ್ನೆ ತರುತ್ತಿದ್ದರು. ಏನೇನು ಪ್ರಶ್ನೆ ಅಂತೀರಿ! ಅವುಗಳನ್ನು ಸಿಮೆಂಟ್ ಚೀಲದಿಂದ ಹರಿದ ಕಾಗದದ ಚೂರುಗಳ ಮೇಲೆ ಬರೆದು, ಡಬ್ಬಿಗಳಲ್ಲಿ ಹಾಕಿ ನೆಲದಲ್ಲಿ ಹೂತಿಟ್ಟರು. ಯುದ್ಧ ಮುಗಿದ ಮೇಲೆ ಅಗೆದು ತೆಗೆದು ಪುಸ್ತಕ ಮಾಡಿದರು. ಅದಕ್ಕೆ ಇಟ್ಟ ಹೆಸರು ಮಿಮಾಮಕಿಮ್, ಆಳದಿಂದ ಅಂತ ಅರ್ಥ. ಆಳದಿಂದ ನಿನ್ನನ್ನು ಕೂಗಿದೆ ಅನ್ನೋ 130ನೇ ಕೀರ್ತನೆಯಿಂದ ಎತ್ತಿಕೊಂಡದ್ದು.

ಒಂದು ಪ್ರಶ್ನೆ ನನ್ನನ್ನು ಬಿಡುತ್ತಲೇ ಇಲ್ಲ. ಯಹೂದಿ ಗಂಡಸರು ದಿನಾ ಬೆಳಿಗ್ಗೆ, ನನ್ನನ್ನು ಗುಲಾಮನನ್ನಾಗಿ ಮಾಡದ ದೇವರಿಗೆ ಸ್ತೋತ್ರ ಅಂತ ಹೇಳಬೇಕು. ಒಂದು ದಿನ ಪ್ರಾರ್ಥನೆ ನಡೆಸುತ್ತಿದ್ದವನು ಈ ಸಾಲಿಗೆ ಬಂದು ನಿಂತುಬಿಟ್ಟ. ಹೊಟ್ಟೆಗಿಲ್ಲ, ಹೊಡೆದು ದುಡಿಸುತ್ತಾರೆ, ನಾನು ಇದನ್ನು ಯಾವ ಬಾಯಲ್ಲಿ ಹೇಳಲಿ ಅಂತ ಕೇಳಿದ. ಓಶ್ರಿ ಹೇಳಿದ್ದು, ಬಿಡಬೇಡ, ಹೇಳಲೇಬೇಕು. ಈ ಸ್ತೋತ್ರ ಮೈಯ ಬಿಡುಗಡೆಯ ಬಗ್ಗೆ ಇರುವುದೇ ಅಲ್ಲ. ಇದನ್ನು ಬಿಟ್ಟರೆ ನಾವು ಗುಲಾಮರು ಅಂತ ನಾವೇ ಒಪ್ಪಿಕೊಂಡ ಹಾಗೆ.

ಇನ್ನೊಂದು ಪ್ರಶ್ನೆ. ಕ್ರೈಸ್ತನಾಗಿದ್ದೇನೆ ಅನ್ನೋ ದೀಕ್ಷೆಯ ಸರ್ಟಿಫಿಕೇಟ್ ಕೊಂಡುಕೊಂಡು ತಪ್ಪಿಸಿಕೊಳ್ಳಬಹುದಾ? ಇದಕ್ಕೆ ಅವರು ಕೂಡದು ಅಂದರು. ನಿಜ ಹೇಳ್ತೀನಿ, ನನಗೆ ಇದನ್ನು ಅರಗಿಸಿಕೊಳ್ಳೋಕೆ ಆಗಲಿಲ್ಲ. ಒಂದು ಕಾಗದ, ಅದೂ ಸುಳ್ಳು ಕಾಗದ, ಜೀವ ಉಳಿಯುವುದಾದರೆ ಏನು ತಪ್ಪು ಅನ್ನಿಸುತ್ತದೆ. ಆದರೆ ಇಲ್ಲಿ ಕೂತು ಮಾತಾಡುವ ನಾನು ಯಾರು? ಕೇಳಿದವನೂ ಹೇಳಿದವನೂ ಅದೇ ಬೇಲಿಯೊಳಗೆ ಇದ್ದವರು.

[ಹಿನ್ನೆಲೆಯಲ್ಲಿ ರೇಡಿಯೋದ ಕರಕರ ಸದ್ದು, ಆಮೇಲೆ ಮೌನ]

ಇಷ್ಟು ಭಾರವಾದ ಕಥೆಗಳ ನಡುವೆ ಒಂದು ಹಗುರವಾದದ್ದು. 1991ರ ಕೊಲ್ಲಿ ಯುದ್ಧ. ಸದ್ದಾಂ ಹುಸೇನ್ ಇಸ್ರೇಲಿನ ಮೇಲೆ ಸ್ಕಡ್ ಕ್ಷಿಪಣಿ ಬಿಡುತ್ತಿದ್ದಾನೆ. ಜನ ಒಂದು ಕೋಣೆಯ ಕಿಟಕಿ ಬಾಗಿಲಿಗೆ ಟೇಪ್ ಹಚ್ಚಿ, ಗ್ಯಾಸ್ ಮಾಸ್ಕ್ ಹಾಕಿ ಕೂರುತ್ತಿದ್ದರು. ಎಚ್ಚರಿಕೆ ಬರುವುದು ರೇಡಿಯೋದಲ್ಲಿ. ಆದರೆ ಶಬ್ಬತ್ ದಿನ ಸಂಪ್ರದಾಯಸ್ಥರು ರೇಡಿಯೋ ಹಾಕುವುದಿಲ್ಲ, ಹಾಡು ಸುದ್ದಿ ಕೇಳುವುದೂ ಇಲ್ಲ. ಏನು ಮಾಡೋದು? ಮೌನ ತರಂಗ ಅಂತ ಒಂದು ವ್ಯವಸ್ಥೆ ಮಾಡಿದರು. ಶುಕ್ರವಾರ ಸೂರ್ಯ ಮುಳುಗುವ ಮುಂಚೆಯೇ ರೇಡಿಯೋ ಹಾಕಿ ಬಿಟ್ಟುಬಿಡಿ, ಅದರಲ್ಲಿ ಒಂದು ಸದ್ದೂ ಬರುವುದಿಲ್ಲ, ಕ್ಷಿಪಣಿ ಬಂದರೆ ಸೈರನ್ ಮಾತ್ರ. ಇಡೀ ದಿನ ಮನೆಯಲ್ಲಿ ಏನೂ ಮಾತಾಡದ ರೇಡಿಯೋ! ಯುದ್ಧ ನಿಂತದ್ದು ಫೆಬ್ರವರಿ 28ಕ್ಕೆ, ಅವತ್ತು ಪುರಿಮ್ ಹಬ್ಬ, ಹಿಂದೆ ಪರ್ಷಿಯಾದಲ್ಲಿ ತಮ್ಮ ಜನ ಕೊಲೆಯಿಂದ ಪಾರಾದ ನೆನಪಿನ ದಿನ. ಅದು ಕಾಕತಾಳೀಯ ಅಂತ ಅವರಿಗೆ ಹೇಳಿ ನೋಡಿ, ಒಪ್ಪುತ್ತಾರಾ!

ಇವತ್ತೂ ಕಷ್ಟ ಬಂದರೆ ಮೊದಲು ಕೈಗೆ ಬರುವುದು ತೆಹಿಲ್ಲಿಮ್, 150 ಕೀರ್ತನೆಗಳ ಪುಟ್ಟ ಪುಸ್ತಕ. ಯಾರಾದರೂ ಐಸಿಯುನಲ್ಲಿದ್ದರೆ ವಾಟ್ಸಾಪ್ ಗುಂಪಿನಲ್ಲಿ ನೀನು ಇಷ್ಟು, ನಾನು ಇಷ್ಟು ಅಂತ ಹಂಚಿಕೊಂಡು ಪೂರ್ತಿ ಓದಿ ಮುಗಿಸುತ್ತಾರೆ. ರೋಗಿಯ ಹೆಸರಿನ ಜೊತೆ ಅಪ್ಪನ ಹೆಸರು ಹೇಳುವುದಿಲ್ಲ, ಅಮ್ಮನ ಹೆಸರು ಹೇಳುತ್ತಾರೆ.

[ಸ್ಕ್ರೀನ್ ಮೇಲೆ: ಶ್ರೀರಂಗಪಟ್ಟಣದ ಕೋಟೆ]

ಈಗ ನಮ್ಮ ಊರಿಗೆ ಬರೋಣ. ಕೊಂಕಣ ತೀರದಲ್ಲಿ ಬೆನೆ ಇಸ್ರೇಲ್ ಅನ್ನೋ ಯಹೂದಿ ಸಮುದಾಯ ಇದೆ. ಹಡಗು ಒಡೆದು ಇಲ್ಲಿಗೆ ಬಂದು ಸೇರಿದವರು ತಾವು ಅಂತ ಹೇಳಿಕೊಳ್ಳುತ್ತಾರೆ. ಪುಸ್ತಕ ಹೋಯಿತು, ಹೀಬ್ರೂ ಮರೆಯಿತು, ಮನೆಮಾತು ಮರಾಠಿ ಆಯಿತು. ಎಣ್ಣೆ ತೆಗೆಯುವ ಗಾಣದ ಕೆಲಸ. ಆದರೆ ಶನಿವಾರ ಗಾಣ ತಿರುಗಿಸುತ್ತಿರಲಿಲ್ಲ. ಅದಕ್ಕೇ ಊರವರು ಅವರನ್ನು ಶನಿವಾರ್ ತೇಲಿ ಅಂದರು, ಶನಿವಾರ ರಜೆ ಮಾಡುವ ಗಾಣಿಗರು. ಎಲ್ಲ ಮರೆತರೂ ವಾರದ ಒಂದು ದಿನ ಮರೆಯಲಿಲ್ಲ, ನೋಡಿ.

ಆ ಸಮುದಾಯದ ಸಾಮ್ಯುಯೆಲ್ ದಿವೇಕರ್ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದರು. ಎರಡನೇ ಮೈಸೂರು ಯುದ್ಧದಲ್ಲಿ ಟಿಪ್ಪು ಸುಲ್ತಾನನ ಕೈಗೆ ಸೆರೆ ಸಿಕ್ಕರು. ಸಮುದಾಯದಲ್ಲಿ ಹೇಳುವ ಕಥೆ ಹೀಗಿದೆ: ನೀವು ಯಾರು ಅಂತ ಕೇಳಿದಾಗ ಬನಿ ಇಸ್ರಾಯೀಲ್ ಅಂದರು, ಆ ಹೆಸರು ಕುರಾನಿನಲ್ಲಿ ಇದೆಯಲ್ಲ, ಅದನ್ನು ಕೇಳಿ ಟಿಪ್ಪುವಿನ ತಾಯಿ ಇವರ ಜೀವ ಉಳಿಸಲು ಹೇಳಿದರು ಅಂತ. ಸೆರೆಯಲ್ಲಿದ್ದಾಗ ದಿವೇಕರ್ ಹರಕೆ ಹೊತ್ತಿದ್ದರಂತೆ, ಬಿಡುಗಡೆಯಾದರೆ ದೇವರಿಗೊಂದು ಮನೆ ಕಟ್ಟುತ್ತೇನೆ ಅಂತ. 1796ರಲ್ಲಿ ಮುಂಬೈಯಲ್ಲಿ ಕಟ್ಟಿಸಿದರು. ಹೆಸರು ಶಾರ್ ಹರಹಮಿಮ್, ಕರುಣೆಯ ಬಾಗಿಲು. ಆ ಬೀದಿ ಈಗಲೂ ಸಾಮ್ಯುಯೆಲ್ ಸ್ಟ್ರೀಟ್. ಮುಂಬೈ ಲೋಕಲ್ಲಿನ ಮಸ್ಜಿದ್ ಸ್ಟೇಷನ್ನಿಗೆ ಹೆಸರು ಬಂದದ್ದೂ ಈ ಸಿನಗಾಗಿನಿಂದಲೇ, ಅಂದರೆ ಯಹೂದಿಗಳ ಈ ಪ್ರಾರ್ಥನಾ ಮಂದಿರದಿಂದಲೇ ಅನ್ನುವವರಿದ್ದಾರೆ.

ಹರಕೆ ತೀರಿದಾಗ, ಮನೆಯಲ್ಲಿ ಶುಭ ನಡೆದಾಗ, ಈ ಜನ ಪ್ರವಾದಿ ಎಲೀಯನ ಹೆಸರಲ್ಲಿ ಮಲಿದಾ ಮಾಡುತ್ತಾರೆ. ಹೀಬ್ರೂ ಪ್ರಾರ್ಥನೆ ಹೇಳುತ್ತಾರೆ, ನಡುವೆ ಒಂದು ತಟ್ಟೆ ಇಡುತ್ತಾರೆ. ತಟ್ಟೆಯಲ್ಲಿ ನೆನೆಸಿದ ಅವಲಕ್ಕಿ, ತೆಂಗಿನತುರಿ, ಸಕ್ಕರೆ, ಸುತ್ತ ಹಣ್ಣು. ಪ್ರಾರ್ಥನೆ ಮುಗಿದ ಮೇಲೆ ಬಂದವರಿಗೆಲ್ಲ ಹಂಚುತ್ತಾರೆ.