ಹಳೇ ಪಿಸ್ಟನ್ ಎಸೆಯಬೇಡಿ

ಕೇಳುಗರಿಗೆ ನಮಸ್ಕಾರ.

ಹೋದ ಸುಗ್ಗಿಯಲ್ಲಿ ಪಾಂಡವಪುರದ ಕಡೆಯ ರೈತರೊಬ್ಬರು ಮೈಸೂರಿನ ನಮ್ಮ ವರ್ಕ್‌ಶಾಪಿಗೆ ಒಂದು ಗೋಣಿಚೀಲ ಹೊತ್ತು ತಂದರು. ಅವರ ಆಲೆಮನೆಯ ಗಾಣ ತಿರುಗಿಸುವ ಡೀಸೆಲ್ ಎಂಜಿನ್ನಿನ ಕ್ರ್ಯಾಂಕ್, ಅಂದರೆ ಪಿಸ್ಟನ್ನಿನ ಏರಿಳಿತವನ್ನು ತಿರುಗಾಟ ಮಾಡುವ ದಂಡ, ಎರಡು ತುಂಡಾಗಿತ್ತು. ಬೇರೊಂದು ಕಡೆ ಅದಕ್ಕೆ ಗ್ರೈಂಡಿಂಗ್ ಮಾಡಿಸಿ, ಅಂದರೆ ಕಲ್ಲಿಗೆ ಕೊಟ್ಟು ತೀಡಿಸಿ, ಎರಡೇ ತಿಂಗಳು. ಕಡಿದ ಕಬ್ಬು ಆಲೆಮನೆ ಮುಂದೆ ಒಣಗುತ್ತಾ ಬಿದ್ದಿದೆ. "ಕಬ್ಣವೇ ಸರಿಗಿಲ್ಲ ಅಂತಾವ್ರೆ ಕಣಣ್ಣ, ಬೇರೇದು ಹಾಕ್ಕೊಡಿ" ಎಂದರು.

ಒಡೆದ ಮುಖವನ್ನು ಒರೆಸಿ ಬಿಸಿಲಿಗೆ ಹಿಡಿದೆ. ಮುಕ್ಕಾಲು ಭಾಗ ನುಣ್ಣಗೆ, ಮಂಕಾಗಿತ್ತು. ಕೆರೆಯ ನೀರು ಇಳಿಯುತ್ತಾ ಹೋದಾಗ ದಡದಲ್ಲಿ ಗೆರೆ ಉಳಿಯುತ್ತದಲ್ವಾ, ಅಂಥ ಸಣ್ಣ ಗೆರೆಗಳು ಅದರ ಮೇಲಿದ್ದವು. ಉಳಿದ ಕಾಲು ಭಾಗ ಒಡೆದ ಅಚ್ಚುಬೆಲ್ಲದ ಹಾಗೆ ಹರಳು ಹರಳು. ನುಣ್ಣಗಿರುವ ಕಡೆ ಬಿರುಕು ಮೆಲ್ಲಗೆ, ದಿನಾ ಒಂದಿಷ್ಟು ನಡೆದಿದೆ. ಹರಳಿರುವ ಕಡೆ ಒಂದೇ ಏಟಿಗೆ ಮುರಿದಿದೆ. ಗೆರೆಗಳ ಜಾಡು ಹಿಡಿದು ಹಿಂದಕ್ಕೆ ಹೋದರೆ ಎಲ್ಲವೂ ಜರ್ನಲ್ಲಿನ, ಅಂದರೆ ಕ್ರ್ಯಾಂಕಿನಲ್ಲಿ ಬೇರಿಂಗ್ ಕೂರುವ ಗುಂಡು ಭಾಗದ, ಮೂಲೆಗೆ ಹೋಗಿ ಸೇರುತ್ತಿದ್ದವು. ಅಲ್ಲಿ ಉಗುರು ಆಡಿಸಿದೆ. ಉಗುರು ಸಿಕ್ಕಿಕೊಂಡಿತು.

ತಪ್ಪು ಅಲ್ಲೇ ಇತ್ತು. ಜರ್ನಲ್ ಪಕ್ಕದ ಗೋಡೆಯನ್ನು ಸೇರುವ ಮೂಲೆ ಬಟ್ಟಲಿನ ತಳದ ಹಾಗೆ ಗುಂಡಗೆ ಇರಬೇಕು. ನಾವು ಅದನ್ನು ರೇಡಿಯಸ್ ಅನ್ನುತ್ತೇವೆ. ಗ್ರೈಂಡಿಂಗ್ ಕಲ್ಲಿನ ಅಂಚನ್ನು ಮೊದಲೇ ಗುಂಡಗೆ ತೀಡಿಕೊಂಡರೆ ಮಾತ್ರ ಅದು ಬರುತ್ತದೆ. ಆ ಕೆಲಸ ಬಿಟ್ಟರೆ ಮೂಲೆ ಚೂಪಾಗುತ್ತದೆ, ಪ್ರತಿ ಸುತ್ತಿನ ಹೊಡೆತವೂ ಅದೇ ಗೆರೆಯ ಮೇಲೆ ಬೀಳುತ್ತದೆ. ಜರ್ನಲ್ಲಿನ ಅಳತೆ ಮಾತ್ರ ಸರಿಯಾಗೇ ಇತ್ತು, ಮೂಲಕ್ಕಿಂತ ಕಡಿಮೆ, ಅಂದರೆ 0.25 ಮಿಲಿಮೀಟರ್ ಅಂಡರ್‌ಸೈಜ್. ಮೈಕ್ರೋಮೀಟರ್ ಹಿಡಿದು ನೋಡಿದವರಿಗೆ ಯಾವ ದೋಷವೂ ಸಿಗುತ್ತಿರಲಿಲ್ಲ. ಆ ರೈತರ ಬೆರಳಿಗೂ ಆ ಮೂಲೆ ಮುಟ್ಟಿಸಿದೆ. ತಪ್ಪು ಕಬ್ಬಿಣದ್ದಲ್ಲ ಅಂತ ಅವರಿಗೆ ಗೊತ್ತಾಗಬೇಕಿತ್ತು. ಇಲ್ಲದಿದ್ದರೆ ಹೊಸ ಕ್ರ್ಯಾಂಕ್ ಕೂಡ ಮುಂದೊಂದು ದಿನ ಅದೇ ಕಲ್ಲಿನ ಕೆಳಗೆ ಹೋಗುತ್ತಿತ್ತು.

ಇನ್ನು ನಮ್ಮ ಮೈಸೂರಿನದೇ ಎಂಜಿನ್. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕುಗಳು ತಯಾರಾದವು. ಕಾರ್ಖಾನೆ ಮುಚ್ಚಿ ಇಷ್ಟು ವರ್ಷವಾದರೂ ಆ ಬೈಕುಗಳು ಓಡುತ್ತಲೇ ಇವೆ. ಓಡುತ್ತಿವೆ ಅಂದರೆ, ಬೋರ್ ಹೊಡೆಸುವುದೂ, ಅಂದರೆ ಪಿಸ್ಟನ್ ಓಡಾಡುವ ಸವೆದ ಕೊಳವೆಯನ್ನು ಕೊರೆದು ಹಿಗ್ಗಿಸುವುದೂ, ನಡೆದೇ ಇದೆ. 250 ಸಿಸಿ ಎಂಜಿನ್ನಿನ ಬೋರಿನ ಅಗಲ 65 ಮಿಲಿಮೀಟರ್, ಪಿಸ್ಟನ್ ಓಡುವ ದೂರ ಅಂದರೆ ಸ್ಟ್ರೋಕ್ 75. ಟೂ ಸ್ಟ್ರೋಕ್ ಆದ್ದರಿಂದ ವಾಲ್ವ್ ಇಲ್ಲ, ಗಾಳಿ, ಹೊಗೆ ಹೋಗಿಬರಲು ಬೋರಿನ ಗೋಡೆಯಲ್ಲೇ ಕಿಟಕಿಗಳಿವೆ. ಪಿಸ್ಟನ್ ಮೇಲೆ ಕೆಳಗೆ ಹೋಗುವಾಗ ಅದರ ಸುತ್ತ ಕೂತಿರುವ ರಿಂಗು ಈ ಕಿಟಕಿಗಳನ್ನು ದಾಟಬೇಕು. ಬೋರ್ ಹೊಡೆದ ಕೂಡಲೇ ಕಿಟಕಿಯ ಅಂಚು ಬ್ಲೇಡಿನಂತಾಗುತ್ತದೆ. ಅದನ್ನು ಸಣ್ಣ ಅರದಿಂದ, ಉಪ್ಪು ಕಾಗದದಿಂದ ತಾಳ್ಮೆಯಾಗಿ ಸವರಿ ಚೂಪು ತೆಗೆಯಬೇಕು.

ಕೆಲಸ ಕಲಿಯುವ ದಿನಗಳಲ್ಲಿ ನಾನೇ ಒಂದು ಬ್ಲಾಕಿಗೆ, ಅಂದರೆ ಬೋರ್ ಇರುವ ಸಿಲಿಂಡರಿಗೆ, ಇದನ್ನು ಮಾಡದೆ ಕೊಟ್ಟುಬಿಟ್ಟೆ. ವಾರದೊಳಗೆ ಬೈಕು ತಳ್ಳಿಕೊಂಡು ಬಂದರು. ಬಿಚ್ಚಿ ನೋಡಿದರೆ ರಿಂಗು ಕಿಟಕಿಗೆ ಸಿಕ್ಕಿ ತುಂಡಾಗಿತ್ತು. ಉಗುರಿನಷ್ಟು ಚೂರು ಪಿಸ್ಟನ್ ತಲೆಗೇ ಕಚ್ಚಿಕೊಂಡಿತ್ತು. ಅದು ಅವರ ತಂದೆಯ ಬೈಕು. ಬ್ಲಾಕಿನ ಖರ್ಚು ನಾನು ಕೊಟ್ಟೆ, ಆದರೆ ಅವರ ಮುಖ ನೋಡಿದ್ದು ಇವತ್ತಿಗೂ ಮರೆತಿಲ್ಲ. ಆ ಪಿಸ್ಟನ್ ನನ್ನ ಬೆಂಚಿನ ಮೇಲೆ ಇದೆ. ಹೊಸ ಹುಡುಗರು ಬಂದರೆ ಮೊದಲು ಅದನ್ನೇ ಕೈಗೆ ಕೊಡುತ್ತೇನೆ.

ಬೋರಿನಲ್ಲಿ ಅಲ್ಲಾಡದಂತೆ ಹಿಡಿದುಕೊಂಡ ಪಿಸ್ಟನ್ ಕೂಡ ಹೀಗೇ, ಎಲ್ಲಿ ತಪ್ಪಾಗಿದೆ ಅಂತ ತೋರಿಸುತ್ತದೆ. ಸುತ್ತ ನಾಲ್ಕು ಕಡೆ ಉದ್ದ ಗೀರು ಬಿದ್ದಿದ್ದರೆ ಸಾಮಾನ್ಯವಾಗಿ ಬೋರ್ ಬಿಗಿಯಾಗಿದೆ ಅಂತ, ಇಲ್ಲವೇ ಎಂಜಿನ್ ಬಿಸಿಯಾಗುವ ಮೊದಲೇ ಜೋರು ಓಡಿಸಿದ್ದಾರೆ ಅಂತ. ಬೋರ್ ಬಿಗಿಯಾಗಲು ಹೆಚ್ಚಿನ ಸಲ ಒಂದೇ ಕಾರಣ. ಪಿಸ್ಟನ್ ಡಬ್ಬಿಯ ಮೇಲೆ 0.50, ಅಂದರೆ ಮೂಲಕ್ಕಿಂತ ಅರ್ಧ ಮಿಲಿಮೀಟರ್ ದೊಡ್ಡದು, ಅಂತ ಬರೆದಿದ್ದನ್ನು ನಂಬಿ, ಪಿಸ್ಟನ್ ಕೈಗೆ ಬರುವ ಮೊದಲೇ ಬೋರ್ ಹೊಡೆದಿರುತ್ತಾರೆ. ಪಿಸ್ಟನ್ ಮೊದಲು ಬರಬೇಕು. ಅದನ್ನು ಅಳೆದು, ಅದಕ್ಕೆ ತಕ್ಕ ಹಾಗೆ ಬೋರ್ ಮಾಡಬೇಕು. ಗೀರು ಸೈಲೆನ್ಸರ್ ಕಡೆ ಮಾತ್ರ ಇದ್ದರೆ ಕಥೆ ಬೇರೆ. ಪೆಟ್ರೋಲಿಗೆ ಆಯಿಲ್ ಕಡಿಮೆ ಬಿದ್ದಿರಬಹುದು, ಕ್ರ್ಯಾಂಕಿನ ಸೀಲ್ ಹೋಗಿ ಹೊರಗಿನ ಗಾಳಿ ಒಳಗೆ ಎಳೆಯುತ್ತಿರಬಹುದು. ಗಾಳಿ ಜಾಸ್ತಿಯಾದರೆ ಪೆಟ್ರೋಲೂ ಆಯಿಲೂ ಸಾಲದೆ ಪಿಸ್ಟನ್ ಕಾಯುತ್ತದೆ. ಹಳೇ ಸೀಲ್ ಹಾಗೇ ಬಿಟ್ಟು ಬೋರ್ ಮಾತ್ರ ಹೊಡೆಸಿದರೆ ಹೊಸ ಪಿಸ್ಟನ್ನಿಗೂ ಅದೇ ಗತಿ.

ತೊಳೆಯುವ ವಿಷಯ ಹೇಳಲೇಬೇಕು. ಹೋನಿಂಗ್, ಅಂದರೆ ಬೋರನ್ನು ಕೊನೆಗೆ ಕಲ್ಲಿನಿಂದ ತೀಡುವ ಕೆಲಸ, ಆದಮೇಲೆ ಬೋರಿನ ಸಣ್ಣ ಸಣ್ಣ ಗೆರೆಗಳಲ್ಲಿ ಕಲ್ಲಿನ ಪುಡಿ ಕೂತಿರುತ್ತದೆ. ಸೀಮೆಎಣ್ಣೆ ಸುರಿದರೆ ಅದು ಹೋಗುವುದಿಲ್ಲ. ಬಿಸಿನೀರು, ಸೋಪು, ಬ್ರಷ್ ಬೇಕು. ಆಮೇಲೆ ಹಳೇ ಬಿಳಿ ಪಂಚೆಯ ತುಂಡಿಗೆ ಆಯಿಲ್ ಹಚ್ಚಿ ಬೋರ್ ಒರೆಸಿ. ಬಟ್ಟೆ ಬೂದು ಬಣ್ಣಕ್ಕೆ ತಿರುಗಿದರೆ ಮತ್ತೆ ತೊಳೆಯಿರಿ. ನಾಲ್ಕು ಸಲ ತೊಳೆದದ್ದೂ ಉಂಟು. ಬಟ್ಟೆ ಬೆಳ್ಳಗೆ ಬರುವ ತನಕ ನಮ್ಮಲ್ಲಿ ಎಂಜಿನ್ ಜೋಡಿಸುವುದಿಲ್ಲ.

ಡೀಸೆಲ್ ಎಂಜಿನ್ ಇಟ್ಟಿರುವವರಿಗೆ ಇನ್ನೊಂದು ಮಾತು. ಬೇರಿಂಗ್ ಶೆಲ್ಲಿನ, ಅಂದರೆ ಜರ್ನಲ್ಲನ್ನು ಸುತ್ತುವ ತೆಳು ಲೋಹದ ಚಿಪ್ಪಿನ, ತೂತು ಆಯಿಲ್ ದಾರಿಯ ತೂತಿಗೆ ಸರಿಯಾಗಿ ಕೂತಿದೆಯಾ ಅಂತ ಕೇಳಿ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ಕನೆಕ್ಟಿಂಗ್ ರಾಡಿನ ಕ್ಯಾಪ್ ಅದದೇ ರಾಡಿನದಾ, ನಂಬರ್ ಒಂದೇ ಕಡೆ ಬಂದಿದೆಯಾ ಅಂತಲೂ ಕೇಳಿ. ಕೇಳಿದರೆ ಒಳ್ಳೆ ಮೆಕ್ಯಾನಿಕ್ ಬೇಜಾರು ಮಾಡಿಕೊಳ್ಳುವುದಿಲ್ಲ.

ಮತ್ತೆ, ಎಂಜಿನ್ ಕೆಲಸಕ್ಕೆ ಬ್ಲಾಕ್ ಒಂದನ್ನೇ ತರಬೇಡಿ. ಹಳೇ ಪಿಸ್ಟನ್, ರಿಂಗಿನ ಚೂರು, ಶೆಲ್ಲು, ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಬನ್ನಿ. ತೊಳೆಯದೆ ತನ್ನಿ. ಮಸಿಯ ಬಣ್ಣವನ್ನೂ ನಾವು ನೋಡಬೇಕು.

ನಮಸ್ಕಾರ.