ಆತಂಕ ಮೊದಲೋ, ಮೊಬೈಲ್ ಮೊದಲೋ?

ಕೇಳುಗರಿಗೆ ನಮಸ್ಕಾರ.

ರಾತ್ರಿ ಹನ್ನೊಂದೂವರೆ. ಎಡಗೈ ಜುಮ್ಮೆನ್ನುತ್ತಿದೆ, ಎದೆ ಢವಢವ. ಕೈ ತಾನಾಗಿ ದಿಂಬಿನ ಪಕ್ಕದ ಮೊಬೈಲಿಗೆ ಹೋಗುತ್ತದೆ: 'ಎಡಗೈ ಜುಮ್ಮೆಂದರೆ ಹೃದಯಾಘಾತವೇ?' ಒಂದು ಉತ್ತರ ಓದಿದಾಗ ಜೀವ ತಣ್ಣಗಾಗುತ್ತದೆ. ಎರಡೇ ನಿಮಿಷ! ಮತ್ತೆ ಸಂಶಯ, ಮತ್ತೆ ಹುಡುಕಾಟ. ಗಡಿಯಾರದಲ್ಲಿ ಎರಡು ಗಂಟೆ.

ಮನೆಯವರು ಇದನ್ನು ಮೊಬೈಲ್ ಹುಚ್ಚು ಎನ್ನುತ್ತಾರೆ. ಆದರೆ ಅದರ ಬೇರು ಆತಂಕದಲ್ಲಿದೆ. ಆತಂಕ, ಭಯ, ಗೀಳು ಇವುಗಳನ್ನು ವೈದ್ಯರು ಹಿಂದೆ ಒಟ್ಟಾಗಿ ನ್ಯೂರೋಸಿಸ್ ಎನ್ನುತ್ತಿದ್ದರು. ಇಂಥ ತೊಂದರೆ ಇರುವವರಿಗೆ ರೀಲ್ಸ್, ಗೇಮ್, ಬೆಟ್ಟಿಂಗ್, ಆನ್‌ಲೈನ್ ಖರೀದಿ ಎಲ್ಲವೂ ನೋವಿನ ಮಾತ್ರೆಯ ಹಾಗೆ. ಸಂಕಟ ಕ್ಷಣಕಾಲ ಇಳಿಯುತ್ತದೆ, ಆ ಇಳಿತವನ್ನೇ ಮೆದುಳು ಕಲಿತುಬಿಡುತ್ತದೆ. ಮುಂದಿನ ಸಲ ಸಂಕಟವಾದಾಗ ಬೇರೆ ದಾರಿ ಹೊಳೆಯುವುದೇ ಇಲ್ಲ.

ದಿನಕ್ಕೆ ಎಷ್ಟು ಗಂಟೆ ಎಂಬುದೊಂದೇ ಅಳತೆಯಲ್ಲ. 2022ರ ಜನವರಿಯಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಐಸಿಡಿ-11, ಚಟದ ವರ್ತನೆಗಳಲ್ಲಿ ಹೆಸರಿಟ್ಟು ಹೇಳಿರುವುದು ಜೂಜು ಮತ್ತು ಗೇಮಿಂಗ್ ಎರಡನ್ನು. ಅದು ಚಟ ಎನ್ನಬೇಕಾದರೆ ಹಿಡಿತ ತಪ್ಪಿರಬೇಕು, ಉಳಿದೆಲ್ಲ ಕೆಲಸ ಹಿಂದೆ ಬಿದ್ದಿರಬೇಕು, ನಷ್ಟ ಕಣ್ಣಿಗೆ ಕಂಡರೂ ಬಿಡಲಾಗುತ್ತಿರಬಾರದು. ಸಾಮಾನ್ಯವಾಗಿ 12 ತಿಂಗಳು ಹೀಗೇ ನಡೆದಿರಬೇಕು.

ಗೀಳು ಕಾಯಿಲೆ ಮಾತ್ರ ಬೇರೆ. ಬೀಗವನ್ನು ಹತ್ತು ಸಲ ಎಳೆದು ನೋಡುವವರಿಗೆ ಅದರಲ್ಲಿ ಯಾವ ಖುಷಿಯೂ ಇಲ್ಲ. ಜೂಜಿನಲ್ಲಿ ಮೊದಮೊದಲು ಖುಷಿಯೇ ಇರುತ್ತದೆ. ಎರಡಕ್ಕೂ ಚಿಕಿತ್ಸೆಯ ದಾರಿ ಬೇರೆಯಾದ್ದರಿಂದ ವೈದ್ಯರ ಮುಂದೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಿ.

ಮನೆಗಳಲ್ಲಿ ಆಗುವ ದೊಡ್ಡ ತಪ್ಪು, ಮೊಬೈಲ್ ಕಸಿದುಕೊಳ್ಳುವುದು. ಆತಂಕ ಹಾಗೇ ಉಳಿಯುತ್ತದೆ, ಊರುಗೋಲು ಮಾತ್ರ ಹೋಗುತ್ತದೆ. ಜಗಳ, ನಿದ್ದೆಗೇಡು, ಕೆಲವರಲ್ಲಿ ಕುಡಿತ.

ಮೊದಲು 7 ದಿನ ಏನನ್ನೂ ಬಿಡಬೇಡಿ. ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಎಳೆಯಿರಿ: ಎಷ್ಟು ಹೊತ್ತಿಗೆ ಕೈಗೆತ್ತಿಕೊಂಡೆ, ಅದಕ್ಕೆ ಮುಂಚೆ ಏನಾಯಿತು, ಸಂಕಟಕ್ಕೆ ಹತ್ತರಲ್ಲಿ ಎಷ್ಟು ಅಂಕ, ಅರ್ಧ ಗಂಟೆಯ ನಂತರ ಎಷ್ಟು. ಕೊನೆಯ ಕಾಲಂ ಬಹಳ ಮುಖ್ಯ. ಎಂಟಿದ್ದದ್ದು ಆರಾಗಿ, ಮತ್ತೆ ಎಂಟಕ್ಕೆ ಏರಿದ್ದನ್ನು ತಮ್ಮದೇ ಅಕ್ಷರದಲ್ಲಿ ನೋಡಿದವರಿಗೆ ಬೇರೆ ಉಪದೇಶ ಅಷ್ಟಾಗಿ ಬೇಕಾಗುವುದಿಲ್ಲ.

ಎರಡನೆಯ ವಾರ, ಕೈ ಮೊಬೈಲಿಗೆ ಹೋದಾಗ 10 ನಿಮಿಷ ತಡೆಯಿರಿ. ಆಸೆ ಅಲೆಯ ಹಾಗೆ ಏರಿ ಇಳಿಯುತ್ತದೆ. ಆ ಹೊತ್ತಿನಲ್ಲಿ ಉಸಿರನ್ನು ನಿಧಾನವಾಗಿ, ಒಳಗೆಳೆದದ್ದಕ್ಕಿಂತ ಹೆಚ್ಚು ಹೊತ್ತು ಹೊರಗೆ ಬಿಡಿ. ಚಾರ್ಜರನ್ನು ಹಜಾರಕ್ಕೆ ಸಾಗಿಸಿ, ಅಲಾರಂ ಗಡಿಯಾರ ತನ್ನಿ. ಮೊದಲ ಕೆಲವು ದಿನ ಚಡಪಡಿಕೆ ಹೆಚ್ಚೇ ಇರುತ್ತದೆ, ಅದಕ್ಕೆ ಹೆದರಬೇಡಿ. ಬೆಟ್ಟಿಂಗ್ ಇದ್ದರೆ ಯುಪಿಐ ಮಿತಿ ತಗ್ಗಿಸಿ, ಸಾಲದ ಲೆಕ್ಕವನ್ನು ಮನೆಯ ಒಬ್ಬರ ಮುಂದೆ ಪೂರ್ತಿ ಬಿಚ್ಚಿಡಿ. ಮುಚ್ಚಿಟ್ಟ ಸಾಲವೇ ಮತ್ತೆ ಪಣಕ್ಕೆ ಎಳೆಯುತ್ತದೆ.

ಆತಂಕಕ್ಕೆ ವೈದ್ಯರು ಮಾತ್ರೆ ಬರೆದಿದ್ದರೆ, ಹಲವು ಮಾತ್ರೆಗಳ ಗುಣ ಕಾಣಲು ಕೆಲವು ವಾರ ಬೇಕು. ನಾಲ್ಕೇ ದಿನಕ್ಕೆ ಕೈಬಿಡಬೇಡಿ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಅತಿಬಳಕೆಗೆಂದೇ 'ಶಟ್' ಕ್ಲಿನಿಕ್ 2014ರಿಂದ ಇದೆ. ದೂರದ ಊರಿನವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ಗೆ ಕರೆ ಮಾಡಬಹುದು, ಸಂಖ್ಯೆ 14416. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತನಾಡುತ್ತಾರೆ. ಸಾಲದಿಂದಲೋ ಭಯದಿಂದಲೋ ಸಾಯುವ ಯೋಚನೆ ಬಂದಿದ್ದರೆ ನೋಟ್‌ಬುಕ್, ವಾರದ ಲೆಕ್ಕ ಎಲ್ಲ ಆಮೇಲೆ. ಮೊದಲು ಈ ಕರೆ ಮಾಡಿ, ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಳ್ಳಿ.